ಎರಡು ತಟ್ಟೆಯ ಪಥ್ಯ

ಮಾರ್ಚ್ 4, ಮಂಗಳವಾರ

ಮಂಡಿ ಡಾಕ್ಟರು ನನ್ನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನನ್ನನ್ನು ನೋಡಲಿಲ್ಲ. ‘ಎರಡೂ ಸವೆದಿವೆ, ಬಲಗಡೆಯದನ್ನ ಬದಲಾಯಿಸಲೇಬೇಕು’ ಎಂದರು. ‘ಬದಲಾಯಿಸಿ ಹಾಗಾದ್ರೆ’ ಎಂದೆ. ಕಿತ್ತುಹೋದ ಝಿಪ್ ಬದಲಾಯಿಸಿ ಎಂದು ಗಿರಾಕಿಗಳು ನನಗೆ ಹೇಳುವಷ್ಟೇ ಸಲೀಸಾಗಿ. ಆಗ ಅವರು ರಕ್ತದ ರಿಪೋರ್ಟು ತೆಗೆದರು.

‘ಮೂರು ತಿಂಗಳ ಸಕ್ಕರೆ ಸರಾಸರಿ ಹತ್ತೂವರೆ ಇದೆಯಲ್ಲಮ್ಮ. ಇಷ್ಟು ಸಕ್ಕರೆ ಇಟ್ಕೊಂಡು ನಾನು ಕುಯ್ದರೆ ಗಾಯ ಮಾಯೋದಿಲ್ಲ. ತೂಕಾನೂ ಇಳೀಬೇಕು. ಎಂಟರ ಕೆಳಗೆ ಬನ್ನಿ, ಆಮೇಲೆ ಮಾತಾಡೋಣ.’

‘ಮಂಡಿ ನೋವಿದ್ರೆ ನಡೆಯೋಕಾಗಲ್ಲ, ನಡೀದಿದ್ರೆ ತೂಕ ಇಳಿಯಲ್ಲ, ತೂಕ ಇಳೀದಿದ್ರೆ ನೀವು ಮಂಡಿ ಮುಟ್ಟಲ್ಲ. ನಾನೇನು ಹಾರಿಕೊಂಡು ಬರ್ಲಾ?’

ಜೊತೆಗೆ ಬಂದಿದ್ದ ತಂಗಿ ನನ್ನ ತೋಳು ಜಿಗುಟಿದಳು. ಡಾಕ್ಟರು ನಕ್ಕು, ‘ಬಾಯಿಂದ ಶುರು ಮಾಡಿ’ ಎಂದರು. ತಿನ್ನುವುದರ ಬಗ್ಗೆ ಹೇಳಿದರೋ, ಮಾತಿನ ಬಗ್ಗೆಯೋ ತಿಳಿಯಲಿಲ್ಲ.

ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಒಂದೊಂದಕ್ಕೂ ಡಾಕ್ಟರನ್ನು ಬೈದೆ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ ಎಂದು ಕಟ್ಟಿಸಿದ ಅಪ್ಪನನ್ನೂ ಬೈದೆ.

ಮಾರ್ಚ್ 7, ಶುಕ್ರವಾರ

ಪಥ್ಯದ ಡಾಕ್ಟರಮ್ಮ ಇನ್ನೂ ಚಿಕ್ಕ ಹುಡುಗಿ. ಎದುರಿಗೊಂದು ತಟ್ಟೆ ಇಟ್ಟು ಪಾಠ ಮಾಡಿದಳು. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಬೇಳೆಯೋ ಮೊಟ್ಟೆಯೋ ಮೀನೋ, ಉಳಿದ ಕಾಲಿನಲ್ಲಿ ಅನ್ನ ಅಥವಾ ಬ್ರೆಡ್ಡು. ನನ್ನ ತಟ್ಟೆಯಲ್ಲಿ ಇದುವರೆಗೆ ಅನ್ನವೇ ಯಜಮಾನ, ತರಕಾರಿ ಬಾಗಿಲಲ್ಲಿ ನಿಂತ ಬಾಡಿಗೆದಾರ. ಸಕ್ಕರೆ ಬಂದ್. ಪೆಪ್ಪರಮಿಂಟು ಬಂದ್. ತಿಂದದ್ದನ್ನೆಲ್ಲ ಬರೆದಿಡಿ ಎಂದಳು. ಅವಳಿಗೆ ತೋರಿಸುವುದಕ್ಕೆ ಬೇರೆ ಹಾಳೆ ಇದೆ. ಇಲ್ಲಿ ಬರೆಯುವುದು ನನ್ನ ಹೊಟ್ಟೆಯುರಿ ಆರಿಸಿಕೊಳ್ಳಲು.

ಸಂಜೆಯೇ ಅಡುಗೆಮನೆ ಜಾಲಾಡಿ ಸಕ್ಕರೆ, ಬೆಲ್ಲ, ಜಾಮ್, ಬಿಸ್ಕೀಟು ಎಲ್ಲ ಚೀಲಕ್ಕೆ ಹಾಕಿ ಪಕ್ಕದ ಬೇಕರಿಯಣ್ಣನಿಗೆ ಕೊಟ್ಟುಬಿಟ್ಟೆ. ಅವನು ಚೀಲ ಬಿಚ್ಚಿ ನೋಡಿ, ‘ನನ್ನಂಗಡಿದೇ ಬಿಸ್ಕೀಟು ನನಗೇ ವಾಪಸ್ಸಾ ಅಕ್ಕಾ?’ ಎಂದು ಪೆಚ್ಚಾದ.

ತಂಗಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ‘ನನ್ನ ಟೀಗೆ?’

‘ನೀನೂ ಬಿಡು.’

‘ನನಗೆಲ್ಲಿದೆ ಶುಗರ್ರು? ನಾನು ಕಡ್ಡಿ.’

ಕಡ್ಡಿ ಎಂದು ಹೆಸರಿಟ್ಟವಳು ನಾನೇ. ಅವಳಿಗಾಗ ಆರು ವರ್ಷ, ನನಗೆ ಹದಿಮೂರು. ಈಗ ಅವಳಿಗೆ ಐವತ್ತೊಂದಾದರೂ ಹೆಸರು ಹಾಗೇ ಇದೆ, ಮೈಯೂ ಹಾಗೇ ಇದೆ. ‘ಆಯ್ತು ಬಿಡು, ನಿನಗೋಸ್ಕರ ನಾನೂ ಅದನ್ನೇ ತಿಂತೀನಿ. ಒಬ್ಬಳ ಎದುರಿಗೆ ಇನ್ನೊಬ್ಬಳು ತಿನ್ನೋದು ಚೆನ್ನಾಗಿರಲ್ಲ’ ಎಂದಳು.

ಮಾರ್ಚ್ 12, ಬುಧವಾರ

ಬೇಕರಿಯವನು ಬೆಳಗ್ಗೆ ಒಲೆ ಹಚ್ಚಿದೊಡನೆ ಬೆಣ್ಣೆಯ ವಾಸನೆ ಗೋಡೆ ತೂರಿಕೊಂಡು ಬಂದು ನನ್ನ ಮೆಷಿನ್ನಿನ ಮೇಲೆ ಕೂರುತ್ತದೆ. ಹೊಲಿಯಲು ಕೂತರೆ ಕೈ ಒಂದು ಕಡೆ, ಮೂಗು ಒಂದು ಕಡೆ. ಇವತ್ತು ಪೊಲೀಸಿನವನ ಪ್ಯಾಂಟಿಗೆ ಬಲಗಾಲಿನ ಅಂಚನ್ನು ಎರಡು ಸಲ ಮಡಿಚಿ ಎಡಗಾಲನ್ನು ಹಾಗೇ ಬಿಟ್ಟೆ. ಪಾಪ, ಹಾಕಿಕೊಂಡು ನಿಂತರೆ ನೀರಿಗಿಳಿಯಲು ಹೊರಟವನಂತೆ ಕಾಣುತ್ತಿದ್ದ.

ಕೂತರೆ ನಿಲ್ಲಬೇಕು ಅನಿಸುತ್ತದೆ, ನಿಂತರೆ ಮಂಡಿ ಕೂರು ಅನ್ನುತ್ತದೆ.

ಮಾರ್ಚ್ 19, ಬುಧವಾರ

ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ಮೀಟರು ತಂದಿದ್ದೇನೆ. ಬೆರಳ ತುದಿಯ ನಡುವೆ ಚುಚ್ಚಿದರೆ ದಿನವೆಲ್ಲ ಸೂಜಿ ಹಿಡಿಯಲಾಗದು, ಪಕ್ಕದಲ್ಲಿ ಚುಚ್ಚಬೇಕು. ಮುನ್ನೂರರ ಮೇಲಿದ್ದದ್ದು ಇನ್ನೂರ ಇಪ್ಪತ್ತಕ್ಕೆ ಬಂದಿದೆ. ತೂಕದ ಮುಳ್ಳು ಮಾತ್ರ ಸರ್ಕಾರಿ ಗುಮಾಸ್ತನ ಹಾಗೆ, ಅಲ್ಲಾಡುವುದೇ ಇಲ್ಲ.

ತಂಗಿ ಕೈ ಚಾಚಿ, ‘ನಂದೂ ಒಂದು ಸಲ ನೋಡಕ್ಕಾ’ ಎಂದಳು, ನಗುತ್ತಲೇ.

‘ಸ್ಟ್ರಿಪ್ಪು ಆಟದ ಸಾಮಾನಲ್ಲ’ ಎಂದೆ. ಕೈ ಹಿಂದಕ್ಕೆ ತೆಗೆದುಕೊಂಡಳು.

ಏಪ್ರಿಲ್ 5, ಶನಿವಾರ

ಎರಡೂವರೆ ಕೆಜಿ ಇಳಿದಿದ್ದೇನೆ! ತಿಂಗಳಿಡೀ ಸೌತೆಕಾಯಿ ಜಗಿದು ಎರಡೂವರೆ. ಯಾರಿಗಾದರೂ ಹೇಳಿಕೊಳ್ಳಬೇಕು ಅನಿಸಿ ಕೆಳಗಿಳಿದರೆ ತಂಗಿ ತನ್ನ ಬೂದು ಬಣ್ಣದ ಸ್ಕರ್ಟು ಹಿಡಿದುಕೊಂಡು ನಿಂತಿದ್ದಾಳೆ. ‘ಅಕ್ಕಾ, ಇದು ಸೊಂಟದಲ್ಲಿ ನಿಲ್ತಿಲ್ಲ. ಸ್ವಲ್ಪ ಹಿಡಿದುಕೊಡ್ತೀಯಾ?’

ಟೇಪು ಹಾಕಿದೆ. ಎರಡಿಂಚು ಕಮ್ಮಿ! ಉಪವಾಸ ಬಿದ್ದು ಒದ್ದಾಡುತ್ತಿರುವವಳು ನಾನು, ಪ್ರಸಾದ ಮಾತ್ರ ಅವಳಿಗೆ. ನನ್ನ ಸೊಂಟದ ಮೇಲೆ ಟೇಪು ಇನ್ನೂ ಹಳೆಯ ಗುರುತಿನಲ್ಲೇ ನಿಲ್ಲುತ್ತದೆ. ಹಲ್ಲು ಕಚ್ಚಿ ಎರಡೂ ಪಕ್ಕ ಹಿಡಿದು ಹೊಲಿದುಕೊಟ್ಟೆ. ಒಳಗಿನ ಬಟ್ಟೆ ಕತ್ತರಿಸಲಿಲ್ಲ. ಅದು ಅಪ್ಪ ಕಲಿಸಿದ ಪಾಠ: ಮೈ ಯಾವಾಗ ಹೇಗೆ ತಿರುಗುತ್ತದೋ ಯಾರಿಗೆ ಗೊತ್ತು, ಬಟ್ಟೆ ಉಳಿಸಿಡು.

‘ಥ್ಯಾಂಕ್ಸ್’ ಎಂದಳು. ನಾನು ಟೇಪು ಸುತ್ತಿಟ್ಟು ಮೆಷಿನ್ನಿಗೆ ತಿರುಗಿದೆ. ನನಗೆ ನಾಚಿಕೆಯೂ ಆಗಲಿಲ್ಲ.

ಏಪ್ರಿಲ್ 14, ಸೋಮವಾರ

ನೀರಿನ ಜಗ್ಗು ಯಾವಾಗ ನೋಡಿದರೂ ಖಾಲಿ. ತುಂಬಿಸಿಟ್ಟು ಈ ಕಡೆ ತಿರುಗುವಷ್ಟರಲ್ಲಿ ತಂಗಿ ಮುಗಿಸಿರುತ್ತಾಳೆ. ಗಿರಾಕಿ ನಿಂತಿರುವಾಗಲೇ ಎದ್ದು ಹೋಗುತ್ತಾಳೆ, ಬಚ್ಚಲಿಗೆ. ‘ಇಷ್ಟು ಕುಡಿದ್ರೆ ಇನ್ನೇನಾಗುತ್ತೆ?’ ಎಂದು ರೇಗಿದೆ. ‘ಬಾಯಿ ಒಣಗುತ್ತೆ ಅಕ್ಕಾ, ಏನು ಮಾಡ್ಲಿ, ನಿನ್ನ ಸೊಪ್ಪುಸದೆ ಗಂಟಲಲ್ಲಿ ಇಳಿಯಲ್ಲ’ ಎಂದಳು.

ನನ್ನ ಸೊಪ್ಪುಸದೆಯಂತೆ. ಮಾಡಿ ಹಾಕುವವಳೇ ಅವಳು.

ಎಡಗೈ ಹೆಬ್ಬೆರಳಿಗೆ ಕತ್ತರಿ ತಾಗಿಸಿಕೊಂಡು ಎರಡು ವಾರವಾಯಿತು, ಇನ್ನೂ ಬಟ್ಟೆ ಸುತ್ತಿಕೊಂಡೇ ಇದ್ದಾಳೆ. ಗುಂಡಿ ಹಚ್ಚುವ ಕೆಲಸವೆಲ್ಲ ನನ್ನ ಮೇಲೆ ಬಿದ್ದಿದೆ.

ಏಪ್ರಿಲ್ 26, ಶನಿವಾರ

ಸಕ್ಕರೆ ನೂರ ಎಪ್ಪತ್ತು. ತೂಕ ನಾಲ್ಕು ಕೆಜಿ ಕಮ್ಮಿ. ಪಥ್ಯದ ಡಾಕ್ಟರಮ್ಮ ಚಪ್ಪಾಳೆ ತಟ್ಟಿದಳು, ಮಗು ಮೊದಲ ಹೆಜ್ಜೆ ಇಟ್ಟಂತೆ. ಬರುವಾಗ ನನಗೇ ಗೊತ್ತಿಲ್ಲದೆ ಬಸ್‌ಸ್ಟಾಪಿಗೆ ನಡೆದೇ ಬಂದಿದ್ದೆ.

ಖುಷಿ ಮನೆಯ ಬಾಗಿಲವರೆಗೆ. ಬೇಕರಿಯಣ್ಣ ಹೊರಗೆ ನಿಂತಿದ್ದ. ‘ಅಕ್ಕಾ, ಪಥ್ಯ ನಿಮಗೋ, ನಿಮ್ಮ ತಂಗೀಗೋ? ಅವರೇ ಅರ್ಧ ಆಗಿಬಿಟ್ಟಿದ್ದಾರಲ್ಲ!’

ನಾಲ್ಕು ಕೆಜಿ ಯಾರ ಕಣ್ಣಿಗೂ ಬೀಳಲಿಲ್ಲ. ಊಟ ಮಾಡದೆ ಮಲಗಿದೆ. ಅದೂ ತಪ್ಪಂತೆ, ಹೊತ್ತಿಗೆ ಸರಿಯಾಗಿ ತಿನ್ನಬೇಕಂತೆ. ಕೋಪ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ ಈ ಕಾಯಿಲೆಯಲ್ಲಿ.

ಮೇ 6, ಮಂಗಳವಾರ

ಬೂದು ಸ್ಕರ್ಟನ್ನು ಮತ್ತೆ ತಂದಳು. ಮತ್ತೆ ಹಿಡಿಯಬೇಕಂತೆ. ‘ನಿನಗೆ ಕೈಯಿಲ್ವಾ?’ ಎಂದೆ. ಸೂಜಿಗೆ ದಾರ ಹಾಕಲು ಆಗುತ್ತಿಲ್ಲ, ಎಲ್ಲ ಮಸುಕು ಮಸುಕು, ಕನ್ನಡಕ ಬದಲಾಯಿಸಬೇಕು ಎಂದಳು.

‘ನನ್ನ ಹಾಗೆ ಹಸ್ಕೊಂಡು ಇಳಿಸು ನೋಡೋಣ. ಪುಕ್ಕಟೆಗೆ ಬಂದದ್ದಕ್ಕೆ ಬೆಲೆ ಇರಲ್ಲ.’

ಯಾಕೆ ಹಾಗಂದೆನೋ. ಅವಳು ಸ್ಕರ್ಟು ಮಡಿಚಿಕೊಂಡು ಹೋಗಿ ಸೊಂಟಕ್ಕೊಂದು ಪಿನ್ನು ಹಾಕಿಕೊಂಡಳು. ದರ್ಜಿಯ ಮನೆಯಲ್ಲಿ ಪಿನ್ನು! ಎದುರಿಗೇ ಓಡಾಡುತ್ತಿದ್ದಳು, ನನಗೆ ಕಾಣಲಿ ಎಂದೇ.

ಮೇ 9, ಶುಕ್ರವಾರ

ತಂಗಿಗೆ ವಾಂತಿ. ನಿನ್ನೆ ತಿಂದ ಮೊಟ್ಟೆ ಸರಿಯಿರಲಿಲ್ಲವಂತೆ. ನಾನೂ ಅದನ್ನೇ ತಿಂದೆ, ನನಗೇನೂ ಆಗಿಲ್ಲ. ಹಾಸಿಗೆಯಲ್ಲೇ ಇದ್ದಾಳೆ. ಅಂಗಡಿ ಒಬ್ಬಳೇ ನೋಡಿಕೊಂಡೆ. ಮೆಟ್ಟಿಲು ಹತ್ತಿ ಇಳಿದು ಸಾಕಾಯಿತು.

ನೀರು ಕೊಡಲು ಬಗ್ಗಿದರೆ ಬಾಯಿಂದ ಹಣ್ಣಿನ ವಾಸನೆ. ಕಳಿತ ಹಣ್ಣು, ಗಮ್ಮೆಂದು. ಓ, ಇದಾ ವಿಷಯ! ‘ಕದ್ದು ತಿಂದಿದ್ದೀಯಲ್ಲ, ಅದಕ್ಕೇ ಹೊಟ್ಟೆ ಕೆಟ್ಟಿದೆ’ ಎಂದೆ. ಇಲ್ಲ ಎಂಬಂತೆ ತಲೆ ಆಡಿಸಿದಳು. ಜಗಳವಾಡಲೂ ಇಲ್ಲ. ಜಗಳವಾಡದ್ದೇ ನನಗೆ ಇನ್ನೂ ಸಿಟ್ಟು ತರಿಸಿತು.

ಮೇ 11, ಭಾನುವಾರ, ಆಸ್ಪತ್ರೆ

ಬರೆಯುತ್ತೇನೆ. ಬರೆಯದೆ ಕೂತರೆ ಆ ಬಾಗಿಲನ್ನೇ ನೋಡುತ್ತಿರುತ್ತೇನೆ.

ನಿನ್ನೆ ಬೆಳಗ್ಗೆ ಎಬ್ಬಿಸಲು ಹೋದೆ. ಕಣ್ಣು ಅರ್ಧ ತೆರೆದಿತ್ತು. ಉಸಿರು ಮಾತ್ರ ಓಡಿ ಬಂದವಳ ಹಾಗೆ, ಆಳವಾಗಿ, ದಬದಬ. ‘ಏಯ್ ಕಡ್ಡಿ’ ಎಂದರೆ ‘ಹ್ಞಂ’ ಎಂದಳು, ಆಮೇಲೆ ‘ಅಮ್ಮ ಬಂದ್ಲಾ?’ ಎಂದಳು. ಅಮ್ಮ ಹೋಗಿ ಇಪ್ಪತ್ತು ವರ್ಷವಾಯಿತು.

ಯಾಕೆ ಹೊಳೆಯಿತೋ ಗೊತ್ತಿಲ್ಲ, ಮೀಟರು ತಂದು ಅವಳ ಬೆರಳಿಗೆ ಚುಚ್ಚಿದೆ. ಅಂಕೆಯೇ ಬರಲಿಲ್ಲ. ‘ಹೈ’ ಎಂದಷ್ಟೇ ಬಂತು. ಸ್ಟ್ರಿಪ್ಪು ಕೆಟ್ಟಿದೆಯೆಂದು ಇನ್ನೊಂದು ಹಾಕಿದೆ. ಮತ್ತೆ ‘ಹೈ’. ಅಳತೆಗೇ ಸಿಕ್ಕದಷ್ಟು.

ಮೆಟ್ಟಿಲು ಹೇಗೆ ಇಳಿದೆ ಎಂದು ಕೇಳಿದರೆ ಹೇಳಲಾರೆ. ಬೇಕರಿಯ ಬಾಗಿಲಲ್ಲಿ ನಿಂತು ಕಿರುಚಿದ್ದು ಮಾತ್ರ ನೆನಪಿದೆ. ಬೇಕರಿಯಣ್ಣ ಹಿಟ್ಟಿನ ಕೈಯಲ್ಲೇ ಓಡಿಬಂದು ಅವಳನ್ನು ಮಗುವಿನ ಹಾಗೆ ಎತ್ತಿಕೊಂಡ. ‘ಅಕ್ಕಾ, ಇವರಲ್ಲಿ ಭಾರಾನೇ ಇಲ್ವಲ್ಲ’ ಎಂದ. ಬ್ರೆಡ್ಡಿನ ವ್ಯಾನಿನಲ್ಲೇ ಹೊರಟೆವು. ಹಿಂದೆ ಟ್ರೇಗಳ ನಡುವೆ ಅವಳ ತಲೆ ನನ್ನ ತೊಡೆಯ ಮೇಲೆ. ಸುತ್ತ ಬಿಸಿ ಬ್ರೆಡ್ಡು.

ಇಲ್ಲಿಯ ಡಾಕ್ಟರು ಒಂದು ಗಂಟೆ ಕಳೆದ ಮೇಲೆ ಹೊರಗೆ ಬಂದರು. ‘ಇವರಿಗೂ ಡಯಾಬಿಟೀಸ್ ಇದೆ, ಗೊತ್ತಿತ್ತಾ?’

‘ಅವಳು ತೆಳ್ಳಗಿದ್ದಾಳಲ್ಲ ಡಾಕ್ಟ್ರೇ.’

‘ಕಾಯಿಲೆ ಹೆಸರು ಒಂದೇ ಅಮ್ಮ. ನಿಮ್ಮ ಥರದ್ದೇ ಬೇರೆ, ಅವರ ಥರದ್ದೇ ಬೇರೆ. ಅವರ ಮೈ ಇನ್ಸುಲಿನ್ ಮಾಡೋದನ್ನೇ ನಿಲ್ಲಿಸ್ತಾ ಬಂದಿದೆ. ತಿಂದದ್ದು ಮೈಗೆ ಹತ್ತದೆ ಮೈಯೇ ಕರಗ್ತಾ ಇತ್ತು. ಬಾಯಲ್ಲಿ ಹಣ್ಣಿನ ವಾಸನೆ ಬಂದಿರ್ಬೇಕಲ್ಲ, ಅದು ಕೊಬ್ಬು ಕರಗಿ ರಕ್ತ ಹುಳಿಯಾದದ್ದರ ಗುರುತು. ಮನೇಲಿ ಯಾರೂ ಗಮನಿಸ್ಲಿಲ್ವಾ? ತುಂಬಾ ನೀರು ಕುಡೀತಿರ್ಲಿಲ್ವಾ?’

ಕುಡಿಯುತ್ತಿದ್ದಳು ಎಂದೆ.

ಸೊಂಟ ಅಳೆದವಳು ನಾನು. ಟೇಪು ನನ್ನ ಕೈಯಲ್ಲೇ ಇತ್ತು.

ಮೇ 13, ಮಂಗಳವಾರ

ಕಣ್ಣು ಬಿಟ್ಟಳು. ನನ್ನನ್ನು ನೋಡಿ, ‘ಪೊಲೀಸಿನವನ ಪ್ಯಾಂಟು ಕೊಟ್ಯಾ?’ ಎಂದಳು. ಅದನ್ನು ಕೊಟ್ಟು ಎರಡು ತಿಂಗಳಾಯಿತು. ‘ಕೊಟ್ಟೆ, ಕೊಟ್ಟೆ’ ಎಂದೆ.

ಮೇ 21, ಬುಧವಾರ

ಮನೆಗೆ ಬಂದೆವು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಊಟಕ್ಕೆ ಮುಂಚೆ ಒಂದೊಂದು, ಮಲಗುವಾಗ ಒಂದು. ಚುಚ್ಚಿಕೊಂಡ ಮೇಲೆ ಊಟ ಬಿಡುವ ಹಾಗಿಲ್ಲ. ಅವಳಿಗೆ ಅನ್ನ ಬೇಕು, ಬ್ರೆಡ್ಡು ಬೇಕು, ಮೈ ತುಂಬಿಕೊಳ್ಳಬೇಕು. ಪಥ್ಯದ ಡಾಕ್ಟರಮ್ಮ ಈಗ ಎರಡು ತಟ್ಟೆ ಇಟ್ಟು ಪಾಠ ಹೇಳಿದಳು. ಒಂದೇ ಕಾಯಿಲೆಯ ಹೆಸರು, ಎರಡು ದಾರಿ.

ಅಡುಗೆ ಇನ್ನು ನನ್ನದು. ಕಡ್ಡಿ ಹಾಸಿಗೆಯಿಂದಲೇ ‘ಉಪ್ಪು ಹಾಕಿದ್ಯಾ?’ ಎಂದು ಕೂಗುತ್ತಾಳೆ. ಹೊಗೆ, ಕುಕ್ಕರಿನ ಸದ್ದು, ಕೆಳಗೆ ಗಿರಾಕಿಯ ಕೂಗು. ಎಲ್ಲಿಗೆ ಮೊದಲು ಓಡಲಿ ಎಂದು ಗೊತ್ತಾಗದೆ ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿದೆ, ಬುಗುರಿಯ ಹಾಗೆ.

ಮೊದಲ ಸಲ ಇನ್ಸುಲಿನ್ ಪೆನ್ನು ಹಿಡಿದಾಗ ಅವಳ ಹೊಟ್ಟೆಯಲ್ಲಿ ಚಿವುಟಲು ಚರ್ಮವೇ ಸಿಗಲಿಲ್ಲ.

‘ಚುಚ್ಚು ಅಕ್ಕಾ, ನಲವತ್ತು ವರ್ಷದಿಂದ ಸೂಜಿ ಹಿಡ್ದಿದ್ದೀಯ, ಇಷ್ಟಕ್ಕೆ ಬೆವರ್ತೀಯಲ್ಲ.’

‘ಬಟ್ಟೆ ಅಮ್ಮಾ ಅನ್ನಲ್ಲ ಕಣೇ.’

‘ನಾನೂ ಅನ್ನಲ್ಲ.’ ಚುಚ್ಚಿದೆ. ‘ಅಮ್ಮಾ!’ ಎಂದಳು, ಬೇಕೆಂದೇ. ಆಮೇಲೆ ನಗು ತಡೆಯಲಾರದೆ ಕೆಮ್ಮಿದಳು.

ನಾನು ಹೇಳಬೇಕೆಂದಿದ್ದೆ, ಆ ಸ್ಟ್ರಿಪ್ಪಿನ ವಿಷಯ, ಹಣ್ಣಿನ ವಿಷಯ. ಬಾಯಿ ತೆಗೆದೆ. ‘ಅನ್ನ ಆರಿಹೋಗುತ್ತೆ’ ಎಂದಳು.

ಜೂನ್ 2, ಸೋಮವಾರ

ಬೂದು ಸ್ಕರ್ಟಿನ ಹೊಲಿಗೆ ಬಿಚ್ಚಿದೆ. ಸದ್ಯ, ಒಳಗಿನ ಬಟ್ಟೆ ಕತ್ತರಿಸಿರಲಿಲ್ಲ. ಒಂದಿಂಚು ಬಿಟ್ಟಿದ್ದೇನೆ, ಇನ್ನೊಂದಿಂಚು ಮುಂದಿನ ತಿಂಗಳಿಗೆ.

ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆ ತೀರ ಇಳಿದರೆ ಅವಳಿಗೆ ಬೇಕಾಗುತ್ತದೆಂದು ಸಕ್ಕರೆ ಡಬ್ಬ ಮನೆಗೆ ವಾಪಸ್ಸು ಬಂದಿದೆ. ಬೇಕರಿಯಣ್ಣ ದುಡ್ಡು ತೆಗೆದುಕೊಳ್ಳಲಿಲ್ಲ. ‘ನಿಮ್ಮದೇ ಅಲ್ವಾ ಅಕ್ಕಾ, ನಾನು ಬರೀ ಕಾಯ್ತಾ ಇದ್ದೆ’ ಎಂದ.

ಜೂನ್ 10, ಮಂಗಳವಾರ

ಮಂಡಿ ಡಾಕ್ಟರ ಕಡೆಯಿಂದ ಫೋನು. ಮೂರು ತಿಂಗಳಾಯಿತು, ರಕ್ತ ಕೊಡಿ ಎಂದರು. ಮರೆತೇಬಿಟ್ಟಿದ್ದೆ. ಹೋಗಿ ಕೊಟ್ಟೆ. ಬರುವಾಗ ಕಡ್ಡಿಯ ಪೆನ್ನಿಗೆ ಸೂಜಿ ತಂದೆ. ಚಿಕ್ಕ ಸೂಜಿ ಇರಲಿಲ್ಲ, ಇನ್ನೊಂದು ಅಂಗಡಿಗೆ ಹೋಗಬೇಕಾಯಿತು.

ಜೂನ್ 16, ಸೋಮವಾರ

ಡಾಕ್ಟರು ಈ ಸಲ ನನ್ನ ಮುಖ ನೋಡಿದರು. ಸರಾಸರಿ ಏಳು ಪಾಯಿಂಟ್ ಆರು. ತೂಕ ಹತ್ತು ಕೆಜಿ ಇಳಿದಿದೆ. ‘ಏನು ಮಾಡಿದ್ರಿ ಅಮ್ಮ?’ ಎಂದರು. ಏನು ಮಾಡಿದೆ? ಕಡ್ಡಿಗೆ ಅನ್ನ ಬಡಿಸುತ್ತ ನಿಂತೆ, ಉಳಿದ ತರಕಾರಿ ನಾನು ತಿಂದೆ. ಮೆಟ್ಟಿಲು ಹತ್ತಿ ಇಳಿದೆ.

‘ಇದೇ ತಿಂಗಳು ಆಪರೇಷನ್ ಮಾಡಿಬಿಡೋಣ. ಆರು ವಾರ ಮನೇಲಿ ಯಾರಾದ್ರೂ ನೋಡ್ಕೋಬೇಕು.’

ಬೇಡ ಎಂದೆ. ಮುಂದಿನ ವರ್ಷ ನೋಡೋಣ ಎಂದೆ. ಅವರು ಮೇಲಿಂದ ಕೆಳಗೆ ನೋಡಿದರು.

ಮನೆಯಲ್ಲಿ ಹೇಳಲಿಲ್ಲ. ಇನ್ನೂ ರಿಪೋರ್ಟು ಬಂದಿಲ್ಲ ಎಂದೆ.

ಜೂನ್ 19, ಗುರುವಾರ

ಅವಳಿಗೆ ಗೊತ್ತಾಗಿದೆ. ಆಸ್ಪತ್ರೆಯವರು ಅಂಗಡಿಗೆ ಫೋನು ಮಾಡಿ ಆಪರೇಷನ್ನಿನ ದಿನ ಯಾಕೆ ಬೇಡವೆಂದಿರಿ ಎಂದು ಕೇಳಿದರಂತೆ. ಎತ್ತಿಕೊಂಡವಳು ಅವಳೇ.

‘ನನ್ನ ನೆವ ಮಾಡ್ಕೊಂಡು ಕುಂಟ್ತಾ ಇರ್ತೀಯಾ?’

‘ನಾನು ಮಲಗಿದ್ರೆ ನಿನ್ನನ್ನ ಯಾರೇ ನೋಡ್ಕೋತಾರೆ?’

‘ನಾನು ನೋಡ್ಕೋತೀನಿ. ನನ್ನನ್ನೂ, ನಿನ್ನನ್ನೂ. ಗಂಡ ಹೋದ ಮೇಲೆ ಒಬ್ಬಳೇ ಐದು ವರ್ಷ ಬಾಳಿ ಬಂದವಳು ನಾನು, ಮರೆತ್ಯಾ? ನನ್ನನ್ನ ಹಾಸಿಗೆಗೆ ಹೊಲಿದಿಡ್ಬೇಡ ಅಕ್ಕಾ.’

ನಾನೂ ಕೂಗಾಡಿದೆ. ಗಿರಾಕಿಯೊಬ್ಬ ಬಾಗಿಲಿಗೆ ಬಂದವನು ಹಾಗೇ ಹಿಂದಕ್ಕೆ ಹೋದ. ರಾತ್ರಿ ಎರಡು ತಟ್ಟೆ, ಎರಡು ಗೋಡೆ ನೋಡಿಕೊಂಡು ಊಟ.

ಜೂನ್ 21, ಶನಿವಾರ

ಇವತ್ತು ಮಧ್ಯಾಹ್ನ ಅಂಗಡಿ ತುಂಬ ಜನ. ಊಟ ತಡವಾಯಿತು. ಅವಳು ಇನ್ಸುಲಿನ್ ಹಾಕಿಕೊಂಡು ಬಂದು, ‘ಇವರೊಬ್ಬರನ್ನ ಕಳಿಸಿಬಿಡ್ತೀನಿ’ ಎಂದು ಕೌಂಟರಿಗೆ ನಿಂತಳು. ನಾನು ಕೋಟಿನ ಒಳಮೈಗೆ ಅಸ್ತರು ಹಚ್ಚುತ್ತಿದ್ದೆ. ಗಿರಾಕಿ ಹೆಂಗಸು, ‘ಗೌನು ಯಾವತ್ತು ಸಿಗುತ್ತೆ?’ ಎಂದು ಕೇಳಿದಳು. ‘ನೀಲಿ’ ಎಂದಳು ಕಡ್ಡಿ. ಆಕೆ ಮತ್ತೆ ಕೇಳಿದಳು. ‘ನೀಲಿ, ನೀಲಿ’ ಎಂದು ನಕ್ಕಳು. ಹಣೆಯ ತುಂಬ ಬೆವರು.

ಎದ್ದೆ. ಹಿಂದಿನ ಕೋಣೆಯಿಂದ ಸಕ್ಕರೆ ತಂದು ಲೋಟದ ನೀರಿಗೆ ಕೈಯಿಂದಲೇ ಸುರಿದು ಕಲಸಿದೆ, ಚಮಚ ಹುಡುಕಲು ಹೊತ್ತೆಲ್ಲಿ? ಅವಳ ಕುತ್ತಿಗೆ ಹಿಡಿದು ಕುಡಿಸಿದೆ. ಅರ್ಧ ಅವಳ ಬಾಯಿಗೆ, ಅರ್ಧ ನನ್ನ ಕೈಮೇಲೆ. ಕುರ್ಚಿಯಲ್ಲಿ ಕೂರಿಸಿ ಬೆರಳು ಚುಚ್ಚಿದೆ: ಐವತ್ತೊಂದು. ಗಡಿಯಾರ ನೋಡುತ್ತ ನಿಂತೆ. ಹದಿನೈದು ನಿಮಿಷ ಕಳೆದು ಮತ್ತೆ ಚುಚ್ಚಿದೆ: ತೊಂಬತ್ತಕ್ಕೆ ಬಂತು. ಆಮೇಲೆ ಬ್ರೆಡ್ಡು, ಮೊಟ್ಟೆ ತಿನ್ನಿಸಿದೆ. ಕೈಯೆಲ್ಲ ಮೊಣಕೈವರೆಗೆ ಅಂಟಂಟು, ಅಸ್ತರು ಕೊಳೆಯಾಗುತ್ತದೆಂದು ಸೋಪು ಹಾಕಿ ತೊಳೆದುಕೊಂಡೆ. ಗೌನು ಬುಧವಾರ ಎಂದು ಆ ಹೆಂಗಸಿಗೆ ಹೇಳಿ ಕಳಿಸಿದೆ.

‘ನೋಡಿದ್ಯಾ?’ ಎಂದೆ. ‘ನಾನಿಲ್ಲದಿದ್ರೆ?’

ಅವಳು ಬ್ರೆಡ್ಡು ಅಗಿದು ಮುಗಿಸಿದಳು. ಹೆದರಿದ್ದಳು, ಮುಖದಲ್ಲೇ ಕಾಣುತ್ತಿತ್ತು. ‘ಚುಚ್ಕೊಂಡ ಮೇಲೆ ಕೌಂಟರಿಗೆ ಬರಬಾರದಿತ್ತು. ಇನ್ನು ಬರಲ್ಲ. ಚುಚ್ಕೊಳ್ಳೋದು, ತಟ್ಟೆ ಮುಂದೆ ಕೂರೋದು. ಕಲಿತೆ’ ಎಂದಳು. ‘ನೀನು ಹೊಲಿಗೆ ಕಲಿಯುವಾಗ ಬೆರಳಿಗೆ ಸೂಜಿ ಚುಚ್ಕೊಂಡಾಗ ಅಪ್ಪ ಮೆಷಿನ್ನು ಮಾರಿಬಿಟ್ರಾ?’

ನಾನು ಸಕ್ಕರೆಯ ಲೋಟ ಎತ್ತಿಕೊಂಡೆ.

ನನ್ನೆದುರಿಗೇ ಆಸ್ಪತ್ರೆಗೆ ಫೋನು ಮಾಡಿದಳು. ‘ಹೌದು, ಅಕ್ಕನದೇ. ಗುರುವಾರ ಆಗುತ್ತಾ? ಬರೆದುಕೊಳ್ಳಿ. ನೋಡ್ಕೊಳ್ಳೋರಾ? ನಾನೇ, ತಂಗಿ.’ ನಾನು ಫೋನು ಕಿತ್ತುಕೊಳ್ಳಲಿಲ್ಲ.

ಜೂನ್ 26, ಗುರುವಾರ

ಇನ್ನೂ ಬೆಳಕು ಹರಿದಿಲ್ಲ. ರಾತ್ರಿಯಿಂದ ಏನೂ ತಿನ್ನುವ ಹಾಗಿಲ್ಲ ಎಂದಿದ್ದಾರೆ. ಎಂಟಕ್ಕೆ ಅಲ್ಲಿರಬೇಕು.

ಕಡ್ಡಿ ಸ್ನಾನಕ್ಕೆ ಹೋಗಿದ್ದಾಳೆ. ಅವಳು ಎಂಟೂವರೆಗೆ ತಿಂಡಿ ತಿನ್ನಬೇಕು. ಅಷ್ಟು ಹೊತ್ತಿಗೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿರುತ್ತಾರೆ. ಎರಡು ಮೊಟ್ಟೆ ಬೇಯಿಸಿದೆ, ನಾಲ್ಕು ಸ್ಲೈಸು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದೆ, ಒಂದು ಬಾಳೆಹಣ್ಣು ಸುಲಿಯದೆ ಇಟ್ಟೆ. ಮಧ್ಯಾಹ್ನಕ್ಕೆ ಅನ್ನ, ಬೇಳೆ, ಬೀನ್ಸು ಬೇರೆ ಡಬ್ಬಿಯಲ್ಲಿ. ಮೀಟರು, ಪೆನ್ನು, ಸೂಜಿ, ಸಕ್ಕರೆಯ ಪೊಟ್ಟಣ ಎರಡು, ಒಂದು ಅವಳ ಜೇಬಿಗೆ, ಒಂದು ಚೀಲಕ್ಕೆ.

ಚಿಂತೆ ಮಾಡಿದರೆ ಬಿಪಿ ಏರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ನನ್ನನ್ನು ಮಲಗಿಸಿ ತಳ್ಳಿಕೊಂಡು ಹೋಗುವುದನ್ನು ನೋಡುತ್ತ ನಿಂತುಬಿಡುತ್ತಾಳೆ ಅವಳು, ಚುಚ್ಚಿಕೊಂಡದ್ದನ್ನೂ ಮರೆತು. ಗೊತ್ತು ನನಗೆ. ಹೊರಗೆ ಕೂತಿರುವ ನರ್ಸಿಗೆ ಹೇಳಬೇಕು: ನನ್ನದಿರಲಿ, ಅವಳು ತಿಂದಳಾ ಅಂತ ಮೊದಲು ನೋಡಿ.

ಕೆಳಗೆ ಬೇಕರಿಯಣ್ಣನ ವ್ಯಾನಿನ ಹಾರ್ನು. ಕಡ್ಡಿ ಕರೆಯುತ್ತಿದ್ದಾಳೆ. ಡಬ್ಬಿಗೆ ಉಪ್ಪು ಹಾಕಿದೆನೋ ಇಲ್ಲವೋ.